ನೊರೆಯ ಲೆಕ್ಕ

ಉಪ್ಪು ನೀರಿನ ಅಕ್ವೇರಿಯಂ ಇಟ್ಟವರ ಮನೆಗೆ ಹೋದಾಗ ಒಂದು ವಿಷಯ ಗಮನಿಸಿ. ಬಂದವರೆಲ್ಲ ಮೀನು ನೋಡ್ತಾರೆ, ಹವಳದ ಫೋಟೋ ತೆಗೀತಾರೆ. ಮನೆಯವರು ಮಾತ್ರ ಟ್ಯಾಂಕಿನ ಕೆಳಗಿರೋ ಕಪಾಟಿನ ಬಾಗಿಲು ತೆಗೆದು, ಬಗ್ಗಿ, ಒಳಗೆ ಏನನ್ನೋ ನೋಡ್ತಾ ಇರ್ತಾರೆ. ಅಲ್ಲಿರೋದು ಸಂಪ್. ಮನೆ ಮುಂದೆ ನೆಲದೊಳಗಿರುತ್ತಲ್ಲ, ಆ ಸಂಪ್ ಅಲ್ಲ. ಇದು ಮೂರು ಭಾಗ ಮಾಡಿದ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನ ನೀರು ಪೈಪಿನಲ್ಲಿ ಇಳಿದು ಇಲ್ಲಿಗೆ ಬರುತ್ತೆ, ಶುದ್ಧವಾಗಿ, ಪಂಪಿನ ಮೂಲಕ ಮತ್ತೆ ಮೇಲಕ್ಕೆ ಹೋಗುತ್ತೆ. ಮೇಲೆ ಕಾಣೋ ಚೆಂದವೆಲ್ಲ ಈ ಕಪಾಟಿನ ಕೃಪೆ.

ನನ್ನ ಟ್ಯಾಂಕ್ ದೊಡ್ಡದೇನಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸಂಪ್ ಸೇರಿದರೆ ಹತ್ತಿರಹತ್ತಿರ 250 ಲೀಟರ್ ನೀರು. ಬೆಳ್ಳಂದೂರು ಕಡೆಯ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ, ಆಫೀಸ್ ಕಾಲ್‌ಗಳ ಹಿನ್ನೆಲೆಯಲ್ಲಿ ಗುಳುಗುಳು ಅಂತ ಸದ್ದು ಮಾಡ್ಕೊಂಡು ಇರುತ್ತೆ. ಐದು ಮೀನು, ಅದರಲ್ಲಿ ಎರಡು ನೀಮೋ ಜಾತಿಯ ಕ್ಲೌನ್ ಮೀನು. ಇವು ಸಮುದ್ರದಲ್ಲಿ ಹಿಡಿದವಲ್ಲ, ಮರಿಕೇಂದ್ರದಲ್ಲೇ ಹುಟ್ಟಿದವು. ಉಳಿದಂತೆ ಮೆದು ಹವಳಗಳು: ಜೊಆಂತಿಡ್, ಮಶ್ರೂಮ್, ಒಂದು ಲೆದರ್.

ಗಟ್ಟಿ ಹವಳ ಯಾಕಿಲ್ಲ ಅಂತ ಕೆಲವರು ಕೇಳ್ತಾರೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿ, ಆನೆ ಇರೋ ಪಟ್ಟಿ ಅದು. ಬೀಸಣಿಗೆಯಂತಿರುವ ಸೀ ಫ್ಯಾನ್, ಕಪ್ಪು ಹವಳ, ಸಮುದ್ರ ಕುದುರೆ ಕೂಡ ಅಲ್ಲಿವೆ. ಆದರೂ ಒಂದು ಅಂಗಡಿಯಲ್ಲಿ, "ಲೈವ್ ರಾಕ್ ಬೇಕಾ ಮೇಡಂ, ನಮ್ಮ ಸಮುದ್ರದ್ದೇ, ಸೀದಾ ತಮಿಳುನಾಡಿಂದ ಬರುತ್ತೆ" ಅಂತ ಕಡಿಮೆ ದನಿಯಲ್ಲಿ ಕೇಳಿದ್ದರು. ಅವರು ಲೈವ್ ರಾಕ್ ಅಂದಿದ್ದು ಹವಳದ ದಿಬ್ಬದಿಂದ ಒಡೆದು ತಂದ ತುಂಡನ್ನ. ನಾನು ಕಾರ್ಖಾನೆಯಲ್ಲಿ ಮಾಡಿದ, ತೂತುತೂತಾದ ಒಣ ಕಲ್ಲು ತಂದೆ. ಅದರೊಳಗೆ ಬ್ಯಾಕ್ಟೀರಿಯಾ ನೆಲೆಯಾಗೋಕೆ ಸಮಯ ಜಾಸ್ತಿ ಬೇಕು, ಅಷ್ಟೇ.

ಆ ಬ್ಯಾಕ್ಟೀರಿಯಾಗಳೇ ಅಸಲಿ ಫಿಲ್ಟರ್. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಹೊಸ ಟ್ಯಾಂಕಿನಲ್ಲಿ ಈ ಸರಪಳಿ ಕೂಡಿಕೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು. ಸರಪಳಿಯ ಕೊನೆಯಲ್ಲಿ ಸಿಗೋ ನೈಟ್ರೇಟ್ ಅಷ್ಟು ವಿಷವಲ್ಲ, ಆದರೆ ತಾನಾಗಿ ಎಲ್ಲೂ ಹೋಗಲ್ಲ. ಕಲ್ಲಿನ ಒಳಭಾಗದಲ್ಲಿ, ಆಮ್ಲಜನಕ ತಲುಪದ ಕಡೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನ ಸಾರಜನಕದ ಅನಿಲ ಮಾಡಿ ಗಾಳಿಗೆ ಬಿಡ್ತಾವೆ. ಅದು ಸ್ವಲ್ಪ ಸ್ವಲ್ಪವೇ. ಮಿಕ್ಕಿದ್ದು ನೀರಿನಲ್ಲಿ ಸೇರ್ತಾ ಹೋಗುತ್ತೆ, ಜೊತೆಗೆ ಫಾಸ್ಫೇಟ್ ಕೂಡ. ಆಮೇಲೆ ಗಾಜಿನ ಮೇಲೆ ಹಸಿರು ಪಾಚಿ, ಮರಳಿನ ಮೇಲೆ ಕಂದು ಪಾಚಿ, ಮುದುಡಿಕೊಂಡ ಹವಳ.

ಇದಕ್ಕೆ ಎಲ್ಲರೂ ಹೇಳೋ ಮದ್ದು ನೀರು ಬದಲಾಯಿಸೋದು. ವಾರಕ್ಕೆ ಶೇಕಡಾ 10. ನಾನೂ ಹಾಗೇ ಮಾಡ್ಕೊಂಡು ಬಂದಿದ್ದೆ. ಪ್ರತಿ ಭಾನುವಾರ 25 ಲೀಟರ್ ತೆಗಿ, 25 ಲೀಟರ್ ಹಾಕು.

2024ರ ಮಾರ್ಚ್ ಬಂತು. ಬೆಂಗಳೂರಲ್ಲಿದ್ದವರಿಗೆ ಆ ತಿಂಗಳು ಮರೆಯಲ್ಲ. ಬೋರ್‌ವೆಲ್‌ಗಳು ಒಣಗಿದವು. ಕಾರು ತೊಳೆಯೋಕೆ, ಗಿಡಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೀರು. ಗೇಟಿನ ಹತ್ರ ಟ್ಯಾಂಕರ್ ಸಾಲು. ಅಂಥ ಒಂದು ಸಂಜೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದರು: "ನಮಗೆ ಸ್ನಾನಕ್ಕೆ ನೀರಿಲ್ಲ, ಕೆಲವರು ಮನೇಲಿ ಸಮುದ್ರ ಇಟ್ಕೊಂಡಿದಾರೆ." ಹೆಸರು ಹಾಕಿರಲಿಲ್ಲ. ಹಾಕೋ ಅಗತ್ಯವೂ ಇರಲಿಲ್ಲ, ಇಡೀ ಬ್ಲಾಕಿಗೆ ಸಮುದ್ರ ಇರೋದು ನಮ್ಮನೇಲಿ ಒಂದೇ.

ಸಿಟ್ಟು ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಒಂದು ಉದ್ದದ ಉತ್ತರ ಟೈಪ್ ಮಾಡಿದೆ. ಕಳಿಸೋ ಮುಂಚೆ, ನಿಜಕ್ಕೂ ಎಷ್ಟು ನೀರು ಹೋಗ್ತಿದೆ ನೋಡೋಣ ಅಂತ ಒಂದು ಹಾಳೆ ತಗೊಂಡು ಕೂತೆ.

ಹವಳದ ಟ್ಯಾಂಕಿಗೆ ನಲ್ಲಿ ನೀರು ಹಾಕೋ ಹಾಗಿಲ್ಲ. ಅದರಲ್ಲಿರೋ ಕ್ಲೋರಿನ್, ಫಾಸ್ಫೇಟ್, ಸಿಲಿಕೇಟ್, ಹಳೇ ಪೈಪಿನ ತಾಮ್ರ ಎಲ್ಲ ತೊಂದರೆಯೇ. ತಾಮ್ರವಂತೂ ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ವಿಷ. ಅದಕ್ಕೆ ಆರ್‌ಒ ಯಂತ್ರ, ಅದರ ಮುಂದೆ ರಾಳದ ಒಂದು ಕೊಳವೆ, ಟಿಡಿಎಸ್ ಮೀಟರ್ ಸೊನ್ನೆ ತೋರಿಸೋ ತನಕ ಶುದ್ಧಿ. ಹಾಗೆ ಬಂದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಕರಗಿಸಬೇಕು. ವಾರಕ್ಕೆ ಇಂಥದ್ದು 25 ಲೀಟರ್. ಇದರ ಜೊತೆ ದಿನಾ ಮೂರು ಲೀಟರ್ ಆವಿಯಾಗುತ್ತೆ. ಉಪ್ಪು ಆವಿಯಾಗಲ್ಲವಾದ್ದರಿಂದ ಆ ಜಾಗಕ್ಕೆ ಬರೀ ಸಿಹಿ ನೀರು ಹಾಕಬೇಕು. ಅದು ವಾರಕ್ಕೆ 21. ಒಟ್ಟು 46 ಲೀಟರ್. ನನ್ನ ಆರ್‌ಒ ಒಂದು ಲೀಟರ್ ಒಳ್ಳೇ ನೀರು ಕೊಡೋಕೆ ಮೂರು ಲೀಟರ್ ಹೊರಗೆ ಬಿಡ್ತಿತ್ತು. ಅಂದರೆ 138 ಲೀಟರ್ ಚರಂಡಿಗೆ. ಎರಡೂ ಕೂಡಿದರೆ ವಾರಕ್ಕೆ 184 ಲೀಟರ್.

ಟೈಪ್ ಮಾಡಿದ್ದ ಉತ್ತರವನ್ನ ಕಳಿಸಲಿಲ್ಲ.

ಟ್ಯಾಂಕ್ ಮಾರಿಬಿಡೋದು ಒಂದು ದಾರಿ. ಆದರೆ ಮೀನು ಮತ್ತು ಹವಳವನ್ನ ಸೋಫಾ ಥರ ಓಎಲ್‌ಎಕ್ಸ್‌ನಲ್ಲಿ ಹಾಕೋಕೆ ಮನಸ್ಸು ಬರಲಿಲ್ಲ. ತಗೊಂಡು ಹೋದವರ ಮನೇಲೂ ನೀರು ಇದೇ ಊರಿನದ್ದು ತಾನೇ? ಇನ್ನೊಂದು ದಾರಿ, ನೀರು ಬದಲಾಯಿಸೋ ಅಗತ್ಯವನ್ನೇ ಕಡಿಮೆ ಮಾಡೋದು. ಅಂದ್ರೆ ಫಿಲ್ಟರ್ ಸುಧಾರಿಸೋದು.

ಇಲ್ಲಿ ಒಂದು ಸಣ್ಣ ಗಣಿತ ಇದೆ, ಬೇಜಾರಾಗಬೇಡಿ. ನನ್ನ ನೈಟ್ರೇಟ್ ತಿಂಗಳುಗಟ್ಟಲೆ 40 ಪಿಪಿಎಂ ಹತ್ರ ನಿಂತಿತ್ತು. ವಾರಕ್ಕೆ ಶೇಕಡಾ 10 ನೀರು ಬದಲಾಯಿಸಿದರೆ 40ರಲ್ಲಿ 4 ಹೋಗಿ 36 ಆಗುತ್ತೆ. ಮುಂದಿನ ಭಾನುವಾರ ಮತ್ತೆ 40. ಅಂದರೆ ಟ್ಯಾಂಕು ವಾರಕ್ಕೆ 4 ಹುಟ್ಟಿಸ್ತಿದೆ, ನಾನು ವಾರಕ್ಕೆ 4 ತೆಗೀತಿದೀನಿ. ಇದೇ ದಾರೀಲಿ 10ಕ್ಕೆ ಇಳಿಸಬೇಕು ಅಂದ್ರೆ ಪ್ರತಿ ವಾರ ಶೇಕಡಾ 40 ನೀರು, ಅಂದರೆ 100 ಲೀಟರ್ ಬದಲಾಯಿಸಬೇಕು. ನೀರು ಬದಲಾವಣೆ ಅನ್ನೋದು ಇಎಂಐಯಲ್ಲಿ ಬರೀ ಬಡ್ಡಿ ಕಟ್ಟಿದ ಹಾಗೆ, ಅಸಲು ಕರಗಲ್ಲ. ಅಸಲು ಕರಗಬೇಕಾದರೆ ಒಳಗೆ ಹೋಗೋದನ್ನ ಕಮ್ಮಿ ಮಾಡಬೇಕು, ಇಲ್ಲ ಕೊಳೆಯೋ ಮುಂಚೆಯೇ ಹೊರಗೆ ತೆಗೀಬೇಕು.

ಅಂಗಡಿಯವರ ಸಲಹೆ ಸರಳವಾಗಿತ್ತು: ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ ಹಾಕ್ಕೊಳಿ. ಹವಳದ ಟ್ಯಾಂಕಿನಲ್ಲಿ ಇದು ಉಲ್ಟಾ ಹೊಡೆಯೋ ಸಾಧ್ಯತೆಯೇ ಜಾಸ್ತಿ. ಮುಚ್ಚಿದ ಡಬ್ಬದೊಳಗಿನ ಸ್ಪಾಂಜಿನಲ್ಲಿ ಕಸ ಸೇರಿಕೊಂಡು, ತಿಂಗಳಿಗೊಮ್ಮೆ ತೊಳೆಯೋವರೆಗೂ ಅಲ್ಲೇ ಕೊಳೀತಾ ನೈಟ್ರೇಟ್ ತಯಾರಿಸುತ್ತೆ. ಕಸದ ಬುಟ್ಟಿ ದೊಡ್ಡದು ತಂದ ಮಾತ್ರಕ್ಕೆ ಮನೆ ಚೊಕ್ಕ ಆಗಲ್ಲ, ಬುಟ್ಟಿ ಖಾಲಿ ಮಾಡಬೇಕು.

ಹಾಗಾಗಿ ಮೊದಲು ಮುಟ್ಟಿದ್ದು ಆಹಾರವನ್ನ. ದಿನಕ್ಕೆ ಎರಡು ತುಂಡು ಹೆಪ್ಪುಗಟ್ಟಿದ ಮೈಸಿಸ್ ಸೀಗಡಿ ಹಾಕ್ತಿದ್ದೆ. ಅದನ್ನ ಒಂದಕ್ಕೆ ಇಳಿಸಿದೆ. ಕರಗಿಸಿ, ಚಹಾ ಸೋಸೋ ಜಾಲರಿಯಲ್ಲಿ ತೊಳೆದು, ಆ ರಸ ಚೆಲ್ಲಿ, ಬರೀ ಸೀಗಡಿ ಹಾಕೋಕೆ ಶುರು ಮಾಡಿದೆ. ಖರ್ಚು ಸೊನ್ನೆ. ಮೀನುಗಳು ಸೊರಗಲಿಲ್ಲ.

ಎರಡನೆಯದು ಸೋಸೋ ಚೀಲ. ನೀರು ಸಂಪಿಗೆ ಇಳಿಯೋ ಜಾಗದಲ್ಲಿ 200 ಮೈಕ್ರಾನಿನ ಬಟ್ಟೆ ಚೀಲ ಇರುತ್ತೆ. ಅದನ್ನ ಮೂರು ದಿನಕ್ಕೊಮ್ಮೆ ಬದಲಾಯಿಸಿದರೆ ಫಿಲ್ಟರ್, ಹತ್ತು ದಿನ ಬಿಟ್ಟರೆ ಕೊಳೆಗುಂಡಿ. ನಾಲ್ಕು ಚೀಲ ಇಟ್ಕೊಂಡು ಸರದಿ ಮಾಡಿದೆ. ಕಲ್ಲುಗಳ ಹಿಂದೆ ನೀರು ಆಡದ ಮೂಲೆಗಳಲ್ಲಿ ಕಸ ಕೂತಿತ್ತು. ಅಲೆ ಎಬ್ಬಿಸೋ ಪಂಪಿನ ಮುಖ ಸ್ವಲ್ಪ ತಿರುಗಿಸಿದೆ, ವಾರಕ್ಕೊಮ್ಮೆ ದೊಡ್ಡ ಪಿಚಕಾರಿಯಿಂದ ಕಲ್ಲಿನ ಮೇಲೆ ನೀರು ಊದಿ ಕಸ ಎಬ್ಬಿಸೋದು ರೂಢಿ ಮಾಡ್ಕೊಂಡೆ. ಎದ್ದ ಕಸ ಚೀಲಕ್ಕೆ, ಚೀಲ ಬಚ್ಚಲಿಗೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರೋಟೀನ್ ಸ್ಕಿಮ್ಮರ್. ಉದ್ದನೆಯ ಕೊಳವೆ, ಅದರೊಳಗೆ ಲಕ್ಷಾಂತರ ಸಣ್ಣ ಗಾಳಿಗುಳ್ಳೆ. ನೀರಿನಲ್ಲಿ ಕರಗಿರೋ ಪ್ರೋಟೀನು, ಜಿಡ್ಡಿನಂಥ ವಸ್ತುಗಳ ಕಣಕ್ಕೆ ಎರಡು ತುದಿ: ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ನೀರು ಅಂದ್ರೆ ಆಗಲ್ಲ. ಹಾಗಾಗಿ ಅವು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರ್ತಾವೆ. ಗಟ್ಟಿ ನೊರೆಯಾಗಿ ತುದಿಯ ಬಟ್ಟಲಿಗೆ ಉಕ್ಕಿ ಬೀಳ್ತಾವೆ. ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಅಮೋನಿಯಾ ಆಗೋ ಮುಂಚೆಯೇ ಕೊಳೆ ಹೊರಗೆ. ಉಪ್ಪು ನೀರಿನಲ್ಲಿ ಗುಳ್ಳೆ ಸಣ್ಣದಾಗಿ, ಒಂದಕ್ಕೊಂದು ಸೇರದೆ ಉಳಿಯೋದ್ರಿಂದ ಇದು ಚೆನ್ನಾಗಿ ನಡೆಯುತ್ತೆ, ಸಿಹಿ ನೀರಿನ ಟ್ಯಾಂಕಿನಲ್ಲಿ ಅಷ್ಟು ಕೆಲಸ ಮಾಡಲ್ಲ.

ಸ್ಕಿಮ್ಮರ್ ನನ್ನ ಹತ್ರ ಮೊದಲೇ ಇತ್ತು. ಆದರೆ ಅದು ನಿಂತಿದ್ದ ಭಾಗದಲ್ಲಿ ನೀರು ಆವಿಯಾದ ಹಾಗೆಲ್ಲ ಮಟ್ಟ ಏರಿಳೀತಿತ್ತು. ಮಟ್ಟ ಇಳಿದರೆ ನೊರೆ ಬಟ್ಟಲು ಮುಟ್ಟಲ್ಲ, ಏರಿದರೆ ಬರೀ ನೀರೇ ಉಕ್ಕುತ್ತೆ. ಒಂದು ಗಾಜಿನ ಅಡ್ಡಪಟ್ಟಿ ಅಂಟಿಸಿ ಆ ಭಾಗದ ಮಟ್ಟ ಯಾವಾಗಲೂ ಒಂದೇ ಇರೋ ಹಾಗೆ ಮಾಡಿದೆ. ವಾರಕ್ಕೆ ಎರಡು ಸಲ ಕೊಳವೆಯ ಕತ್ತು ಒರೆಸಿದೆ, ಅಲ್ಲಿ ಜಿಡ್ಡು ಕೂತರೆ ನೊರೆ ಮೇಲೇರಲ್ಲ. ಮೊದಲು ತಿಳಿ ಚಹಾದಂಥ ನೀರು ಬರ್ತಿದ್ದ ಬಟ್ಟಲಲ್ಲಿ ಕಷಾಯದಂಥ ಕಪ್ಪು ದ್ರವ ಸೇರೋಕೆ ಶುರುವಾಯ್ತು. ವಾಸನೆ ಬಗ್ಗೆ ಬರೆಯಲ್ಲ, ನೀವು ಊಟ ಮಾಡ್ತಾ ಓದ್ತಿರಬಹುದು.

ಆ ದಿನಗಳಲ್ಲೇ ಅಪ್ಪ ಬಂದಿದ್ರು. ನಮ್ಮದು ಮಳವಳ್ಳಿ ಕಡೆ ಹಳ್ಳಿ. ಅಪ್ಪ ಮೀನು ನೋಡಿದ್ದು ಎರಡು ನಿಮಿಷ. ನಾನು ಕಪಾಟು ತೆಗೆದು ಕೂತಿದ್ದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಕಿಮ್ಮರನ್ನೇ ನೋಡಿದ್ರು.

"ಇದು ನಮ್ಮ ಆಲೆಮನೆ ಕೆಲ್ಸ ಅಲ್ವೇನಮ್ಮ?" ಅಂದ್ರು.

ಹೌದಲ್ಲ ಅನ್ನಿಸ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ ಹಾಕ್ತಾರೆ. ಕೊಳೆಯೆಲ್ಲ ಅದಕ್ಕೆ ಕಚ್ಚಿಕೊಂಡು ನೊರೆಯಾಗಿ ಮೇಲೆ ಬರುತ್ತೆ. ಅದನ್ನ ಜಾಲರಿಯಲ್ಲಿ ಬಳಿದು ಹಾಕ್ತಾರೆ. ನೊರೆ ತೆಗೆಯೋಕೆ ಸರಿಯಾದ ಹೊತ್ತು ಅಂತ ಒಂದಿದೆ, ತಡ ಮಾಡಿದರೆ ಕೊಳೆ ಮತ್ತೆ ಹಾಲಿನಲ್ಲಿ ಬೆರೆತು ಬೆಲ್ಲ ಕಪ್ಪಾಗುತ್ತೆ. "ತಡ ಮಾಡ್ಬಾರ್ದು, ಅಷ್ಟೇಯ" ಅಂದ್ರು ಅಪ್ಪ. ನಮ್ಮ ಬಾಲ್ಕನಿಯಿಂದ ಅರೆಬರೆ ಕಾಣೋ ಬೆಳ್ಳಂದೂರು ಕೆರೆಯಲ್ಲಿ ಒಂದು ಕಾಲಕ್ಕೆ ರಸ್ತೆಗೆ ಹಾರಿ ಬರ್ತಿದ್ದ ನೊರೆಯೂ ಇದೇ ವಿಜ್ಞಾನ. ಊರಿನ ಸೋಪು, ಡಿಟರ್ಜೆಂಟು, ಮಲಿನವೆಲ್ಲ ಕೋಡಿಯಲ್ಲಿ ಧುಮುಕಿದಾಗ ನೊರೆ ಆಗ್ತಿತ್ತು. ಇಡೀ ಕೆರೆಯೇ ಸ್ಕಿಮ್ಮರ್ ಆಗಿತ್ತು, ಬಟ್ಟಲು ಮಾತ್ರ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೇಳಿದ್ರು, "ಈ ನೀರು ಎಲ್ಲಿಂದ ಬತ್ತದಮ್ಮ?"

"ಅರ್ಧ ಟ್ಯಾಂಕರು, ಅರ್ಧ ಕಾವೇರಿ," ಅಂದೆ.

ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಡುತ್ತೆ. ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಮ್ಮಿ 500 ಮೀಟರ್ ಎತ್ತರ, ಮೂರು ಹಂತದಲ್ಲಿ ಪಂಪ್ ಮಾಡಿ ಇಲ್ಲಿಗೆ ತರ್ತಾರೆ. ಆ ಬೇಸಿಗೆ ನಮ್ಮ ಗದ್ದೆಗೆ ನಾಲೆ ನೀರು ಬಂದಿರಲಿಲ್ಲ, ಕಬ್ಬು ಅರ್ಧ ಒಣಗಿತ್ತು. ಅಪ್ಪ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಊಂ" ಅಂತ ಎದ್ದು ಟೀವಿ ಮುಂದೆ ಕೂತ್ರು. ವಾಟ್ಸ್ಆ್ಯಪ್ ಗುಂಪಿನ ಮಾತಿಗೆ ವಾದ ಹೂಡಬಹುದಿತ್ತು. ಈ "ಊಂ"ಗೆ ಏನು ಹೇಳಲಿ?

ಮಾರನೇ ದಿನವೇ ಆರ್‌ಒ ರಿಪೇರಿಯವರನ್ನ ಕರೆಸಿ, ಮೊದಲ ಪೊರೆಯಿಂದ ಹೊರಬೀಳೋ ನೀರು ಇನ್ನೊಂದು ಪೊರೆಯ ಮೂಲಕ ಹೋಗೋ ಹಾಗೆ ಜೋಡಿಸಿದೆ. ಈಗ ಒಂದು ಲೀಟರಿಗೆ ಒಂದೂವರೆ ಲೀಟರ್ ಮಾತ್ರ ಹೊರಗೆ ಹೋಗುತ್ತೆ. ಇದಕ್ಕೊಂದು ಬೆಲೆ ಇದೆ. ನನ್ನ ಮೀಟರಿನಲ್ಲಿ ಕಾವೇರಿ ನೀರಿನ ಟಿಡಿಎಸ್ 180 ಇದ್ದರೆ ಟ್ಯಾಂಕರಿನದ್ದು 700 ದಾಟುತ್ತೆ. ಅಂಥ ಗಡಸು ನೀರಿನಲ್ಲಿ ಎರಡನೇ ಪೊರೆಗೆ ಬೇಗ ಸುಣ್ಣ ಕಟ್ಟುತ್ತೆ, ಬೇಗ ಬದಲಾಯಿಸಬೇಕು. ಹೊರಬಂದ ನೀರನ್ನ ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸೋಕೆ, ಬಚ್ಚಲಿಗೆ ಬಳಸ್ತೀವಿ. ಗಿಡಕ್ಕೆ ಹಾಕಲ್ಲ, ಲವಣ ಜಾಸ್ತಿ.

ನಾಲ್ಕನೇ ಬದಲಾವಣೆ ಸಂಪಿನ ಮಧ್ಯದ ಭಾಗದಲ್ಲಿ. ಅಲ್ಲಿ ಕೀಟೊಮಾರ್ಫಾ ಅನ್ನೋ ಪಾಚಿ ಬೆಳೆಸಿದೆ. ನೋಡೋಕೆ ಹಸಿರು ಬಣ್ಣದ ಪಾತ್ರೆ ತಿಕ್ಕೋ ನಾರು. ನೈಟ್ರೇಟ್, ಫಾಸ್ಫೇಟ್ ಅದಕ್ಕೆ ಗೊಬ್ಬರ. ಪ್ರದರ್ಶನದ ಟ್ಯಾಂಕಿನಲ್ಲಿ ಬೇಡವಾದ ಪಾಚಿ ಬೆಳೆಯೋ ಬದಲು, ಬೇಕಾದ ಜಾಗದಲ್ಲಿ ಬೇಕಾದ ಪಾಚಿ ಬೆಳೀಲಿ ಅಂತ. ಮೇಲಿನ ದೀಪ ಆರಿದ ಮೇಲೆ ಇದರ ದೀಪ ಹತ್ತುತ್ತೆ. ರಾತ್ರಿ ಹೊತ್ತು ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಪಿಎಚ್ ಇಳಿಯೋದನ್ನ ಇದು ಸ್ವಲ್ಪ ತಡೆಯುತ್ತೆ. ಎರಡು ವಾರಕ್ಕೊಮ್ಮೆ ಒಂದು ಹಿಡಿ ಕಿತ್ತು ಹಾಕಬೇಕು. ಕೀಳದಿದ್ದರೆ ಪ್ರಯೋಜನವಿಲ್ಲ, ಒಳಗೇ ಸತ್ತು ತಿಂದದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತೆ.

ಇದ್ಯಾವುದೂ ಹೊಸದಲ್ಲ. 1961ರಲ್ಲೇ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಜೀವಂತ ಕಲ್ಲು ಮತ್ತು ಗಾಳಿಗುಳ್ಳೆ, ಇವೆರಡನ್ನೇ ನಂಬಿ ಸಮುದ್ರದ ಜೀವಿಗಳನ್ನ ಸಾಕೋ ಬಗೆಯನ್ನ ಬರೆದಿದ್ದರು. ಆಮೇಲೆ ಜರ್ಮನಿಯವರು ಅದಕ್ಕೆ ಒಳ್ಳೇ ಸ್ಕಿಮ್ಮರ್ ಸೇರಿಸಿದರು. ಈಗಲೂ ಅದನ್ನ ಬರ್ಲಿನ್ ಪದ್ಧತಿ ಅಂತಲೇ ಕರೀತಾರೆ.

ನೈಟ್ರೇಟ್ 40ರಿಂದ 10ಕ್ಕೆ ಇಳಿಯೋಕೆ ಐದು ತಿಂಗಳು ಬೇಕಾಯ್ತು. ಅಷ್ಟು ನಿಧಾನ ಒಳ್ಳೆಯದೇ. ಫಾಸ್ಫೇಟ್ ಹೀರೋ ಕಬ್ಬಿಣದ ಹರಳುಗಳು ಸಿಗ್ತಾವೆ, ಒಂದೇ ಸಲ ಜಾಸ್ತಿ ಹಾಕಿದರೆ ಎರಡು ದಿನದಲ್ಲಿ ನೀರು ಬರಿದಾಗಿ ಹವಳಕ್ಕೆ ಆಘಾತವಾಗುತ್ತೆ. ಇನ್ನೊಂದು ಮಾತು, ಗುರಿ ಸೊನ್ನೆ ಅಲ್ಲ. ನಮ್ಮಂಥ ಆಫೀಸಿನವರಿಗೆ ಡ್ಯಾಶ್‌ಬೋರ್ಡಿನಲ್ಲಿ ಸೊನ್ನೆ ಕಂಡ್ರೆ ಖುಷಿ. ಆದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಪೂರ್ತಿ ಸೊನ್ನೆಯಾದ ಟ್ಯಾಂಕಿನಲ್ಲಿ ಹವಳಗಳು ಬಿಳಿಚಿಕೊಳ್ತಾವೆ, ಅವುಗಳ ಮೈಯೊಳಗಿನ ಪಾಚಿಗೂ ಊಟ ಬೇಕಲ್ಲ. ಖಾಲಿ ಬಿದ್ದ ಜಾಗಕ್ಕೆ ಡೈನೊಫ್ಲಾಜೆಲೇಟ್ ಅನ್ನೋ ಕಂದು ಲೋಳೆ ಬಂದು ಕೂತರೆ ಅದನ್ನ ಏಳಿಸೋದು ಮಹಾ ಕಷ್ಟ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರ ಆಸುಪಾಸು ಇದ್ದರೆ ನನ್ನ ಮೆದು ಹವಳಗಳು ಆರಾಮಾಗಿರ್ತಾವೆ.

ಈಗ ಮೂರು ವಾರಕ್ಕೊಮ್ಮೆ 25 ಲೀಟರ್ ಬದಲಾಯಿಸ್ತೀನಿ. ಹೊಸ ಉಪ್ಪು ನೀರು ಕಡಿಮೆ ಆದ್ದರಿಂದ ಕ್ಷಾರತೆ ಇಳಿಯುತ್ತೆ, ಅದಕ್ಕೆ ವಾರಕ್ಕೊಮ್ಮೆ ಪರೀಕ್ಷೆ ಮಾಡಿ ಅಡುಗೆ ಸೋಡಾ ಅಳೆದು ಹಾಕ್ತೀನಿ. ಆವಿಯಾಗೋ ನೀರು ಸೇರಿಸಿದರೆ ವಾರಕ್ಕೆ ಸುಮಾರು 29 ಲೀಟರ್ ಶುದ್ಧ ನೀರು, ಹೊರಗೆ ಹೋಗೋದು 44. ಒಟ್ಟು 73. ಆ 44 ಕೂಡ ನೆಲಕ್ಕೆ, ಬಚ್ಚಲಿಗೆ ಸಲ್ಲುತ್ತೆ.

184 ಎಲ್ಲಿ, 73 ಎಲ್ಲಿ! ಹಾಗಂತ 73 ಸೊನ್ನೆ ಅಲ್ಲ ಅನ್ನೋದೂ ಗೊತ್ತು. ಪಂಪು, ದೀಪದ ಕರೆಂಟ್ ಬೇರೆ. 2024ರಲ್ಲೇ ಲಕ್ಷದ್ವೀಪದ ಹವಳಗಳು ಸಮುದ್ರ ಬಿಸಿಯಾಗಿ ಬಿಳಿಚಿಕೊಂಡ ಸುದ್ದಿ ಓದಿದಾಗ, ನಮ್ಮದೇ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳದ ನೆನಪೂ ಬಂತು. ಮನೇಲಿ ಒಂದು ಲೆದರ್ ಹವಳ ಬೆಳೆಸಿದ್ದಕ್ಕೆ ಅವು ಯಾವುದೂ ಉಳಿಯಲ್ಲ. ಇದು ಸಂರಕ್ಷಣೆ ಅಂತ ಹೇಳ್ಕೊಳ್ಳೋ ಧೈರ್ಯ ನನಗಿಲ್ಲ. ಇದು ಹವ್ಯಾಸ. ಇರೋ ಜೀವಗಳನ್ನ ಅವುಗಳ ಆಯಸ್ಸು ಇರೋವರೆಗೆ ಚೆನ್ನಾಗಿ ನೋಡ್ಕೊಳ್ಳೋದು, ದೊಡ್ಡ ಟ್ಯಾಂಕಿನ ಆಸೆ ಬಿಡೋದು, ಇಷ್ಟು ತೀರ್ಮಾನ ಮಾಡಿದೀನಿ.

ನಿಮ್ಮಲ್ಲಿ ಯಾರಿಗಾದ್ರೂ ಇದನ್ನ ಶುರು ಮಾಡೋ ಆಸೆ ಇದ್ದರೆ, ಮೀನಿನ ಅಂಗಡಿಗೆ ಹೋಗೋ ಮುಂಚೆ ಒಂದು ಪುಸ್ತಕ ಇಟ್ಕೊಳಿ. ಒಂದು ಪುಟದಲ್ಲಿ ಟ್ಯಾಂಕಿನೊಳಗೆ ಏನೇನು ಹೋಗುತ್ತೆ, ಎದುರು ಪುಟದಲ್ಲಿ ಏನೇನು ಹೊರಗೆ ಬರುತ್ತೆ, ಎಷ್ಟು, ಯಾವ ದಿನ ಅಂತ ಬರೀರಿ. ನೀರಿಗೊಂದು ಸಾಲು ಬೇರೆ ಇರಲಿ. ಅಪಾರ್ಟ್‌ಮೆಂಟಿನವರು ಕೇಳಿದಾಗ ತೋರಿಸೋಕೂ ಆಗುತ್ತೆ. ನಾನು ನಮ್ಮ ಗುಂಪಿಗೆ ಕೊನೆಗೆ ಕಳಿಸಿದ್ದು ಆ ಪುಟದ ಫೋಟೋ ಮಾತ್ರ. ಬರೆದವರು ಏನೂ ಹೇಳಲಿಲ್ಲ. ಆದರೆ ಮುಂದಿನ ವಾರ ಮೂರು ಮನೆಯವರು ಬಂದು, ಆ ಎರಡನೇ ಪೊರೆಯನ್ನ ತಮ್ಮ ಅಡುಗೆಮನೆಯ ಆರ್‌ಒಗೂ ಹಾಕಿಸಬಹುದಾ ಅಂತ ವಿಚಾರಿಸಿಕೊಂಡು ಹೋದರು.